ಕ್ಯಾಸ್ಕೇಡ್‌ಗೆ ಹಾಕಿದ ಒಂದು ಅಪ್ರಾಮಾಣಿಕ ಮತ

ಕಳೆದ ಸೆಪ್ಟೆಂಬರಿನ ಒಂದು ಶನಿವಾರ ಸಂಜೆ, ಇಸಾಕ್ವಾದ ಗೆಳೆಯರೊಬ್ಬರ ಹಿತ್ತಿಲಿನಲ್ಲಿ ಹನ್ನೊಂದು ಜನ ಕನ್ನಡಿಗರು ಸೇರಿ ಒಂದು ಸಣ್ಣ ಚುನಾವಣೆ ನಡೆಸಿದೆವು. ಸಿಯಾಟಲಿನಿಂದ ಪೂರ್ವಕ್ಕೆ ಅರ್ಧ ಗಂಟೆಯ ದಾರಿಯಲ್ಲಿರುವ ಈ ಊರು ಇಂದು ಸಾಫ್ಟ್‌ವೇರ್ ಸಂಸಾರಗಳ ಬೀಡು. ಮನೆಯೊಡೆಯರು ಗ್ಯಾರೇಜಿನಲ್ಲಿ ತಾವೇ ತಯಾರಿಸಿದ ಎರಡು ಬಿಯರುಗಳನ್ನು ಹೆಸರು ಹೇಳದೆ ಎರಡು ಲೋಟಗಳಲ್ಲಿ ಕೊಟ್ಟರು. ಎರಡಕ್ಕೂ ಒಂದೇ ಮಾಲ್ಟು, ಒಂದೇ ಯೀಸ್ಟು, ಒಂದೇ ನೀರು. ಬೇರೆಯಾಗಿದ್ದುದು ಹಾಪ್ ತಳಿ ಮಾತ್ರ: ಒಂದರಲ್ಲಿ ಕ್ಯಾಸ್ಕೇಡ್, ಇನ್ನೊಂದರಲ್ಲಿ ಸಿಟ್ರಾ. ಯಾವುದು ಮೇಲು ಎಂದು ಕೈಯೆತ್ತಬೇಕಿತ್ತು. ಒಂಬತ್ತು ಮತ ಸಿಟ್ರಾಕ್ಕೆ ಬಿದ್ದವು, ಎರಡು ಕ್ಯಾಸ್ಕೇಡ್‌ಗೆ. ಆ ಎರಡರಲ್ಲಿ ಒಂದು ನನ್ನದು.

ನಾನು ಸುಳ್ಳು ಮತ ಹಾಕಿದ್ದೆ. ಮೂಗಿಗೆ ಹಿಡಿದ ಕೂಡಲೇ ಯಾವುದು ಯಾವುದೆಂದು ನನಗೆ ತಿಳಿದುಹೋಗಿತ್ತು. ನನ್ನ ನಾಲಿಗೆಗೂ ಸಿಟ್ರಾವೇ ಹಿತವಾಗಿತ್ತು. ಆದರೂ ಕೈ ಕ್ಯಾಸ್ಕೇಡ್‌ಗೆ ಎದ್ದಿತು. ಯಾಕೆಂದು ಅಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳಬಹುದಾಗಿದ್ದ ಉತ್ತರ ಇದು.

ಅದಕ್ಕೂ ಮುನ್ನ ಒಂದು ಮಾತು. ಕನ್ನಡದ ಪ್ರಗತಿಪರ ಪತ್ರಿಕೆಯೊಂದರಲ್ಲಿ ಬಿಯರಿನ ಬಗ್ಗೆ ಬರೆಯುವುದೆಂದರೆ ಹುಬ್ಬುಗಳು ಮೇಲೇರುತ್ತವೆ, ಏರಲಿ. ಕುಡಿತ ಮುರಿದ ಮನೆಗಳನ್ನು ಬಲ್ಲ ಹಳ್ಳಿಯ ಹೆಣ್ಣುಮಕ್ಕಳು ಸಾರಾಯಿ ಅಂಗಡಿಗಳ ಮುಂದೆ ಕೂತು ಹೋರಾಡಿದ ನಾಡು ನಮ್ಮದು. 2007ರಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಂತದ್ದರ ಹಿಂದೆ ಅವರ ಸಿಟ್ಟೂ ಇದೆ. ಅದನ್ನು ಹಗುರ ಮಾಡುವ ಉದ್ದೇಶ ನನಗಿಲ್ಲ. ಆದರೆ ನಮ್ಮ ವಲಯದ ಒಂದು ಬೂಟಾಟಿಕೆಯನ್ನೂ ಹೇಳಬೇಕು. ಮರದಿಂದ ಹೆಂಡ ಇಳಿಸುವ ಈಡಿಗರ, ಬಿಲ್ಲವರ ಕಸುಬನ್ನು ಕೀಳೆಂದು ಕಂಡ ಮನೆಗಳಿಂದಲೇ ಬಂದ ನಾವು, ಇಲ್ಲಿ ಹಾಪ್ ತಳಿಗಳ ಪರಿಮಳವನ್ನು ಮಲ್ಲಿಗೆಯ ಮಾಲೆ ಕಟ್ಟುವವರ ಸೂಕ್ಷ್ಮತೆಯಲ್ಲಿ ವಿಂಗಡಿಸುತ್ತೇವೆ. ಕುಡಿತಕ್ಕೂ ಜಾತಿ ಇದೆ. ಕ್ರಾಫ್ಟ್ ಬಿಯರ್ ಅದರಲ್ಲಿ ಮೇಲ್ಜಾತಿ.

ಹಾಪ್ ಒಂದು ಬಳ್ಳಿ. ಗಾಂಜಾದ ಕುಟುಂಬಕ್ಕೇ ಸೇರಿದ್ದು. ಇದರಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಬಿಯರಿಗೆ ಬೇಕಾದದ್ದು ಹೆಣ್ಣು ಬಳ್ಳಿಯ ಹಸಿರು ಹೂಗೊನೆ. ಅದರ ಎಸಳುಗಳ ಬುಡದಲ್ಲಿ ಅರಿಶಿನದ ಪುಡಿಯಂತೆ ಅಂಟಿಕೊಂಡಿರುವ ಲುಪ್ಯುಲಿನ್ ಎಂಬುದರಲ್ಲಿ ಎರಡು ಸಂಪತ್ತುಗಳಿವೆ. ಮೊದಲನೆಯದು ಆಲ್ಫಾ ಆಮ್ಲಗಳು. ಕುದಿಸಿದಾಗ ಇವು ರೂಪ ಬದಲಿಸಿ ಕಹಿ ಕೊಡುತ್ತವೆ, ಬಿಯರ್ ಕೆಡದಂತೆಯೂ ಕಾಯುತ್ತವೆ. ಎರಡನೆಯದು ಸುಗಂಧ ತೈಲಗಳು. ಇವು ಕುದಿಯುವಾಗ ಆವಿಯಾಗಿ ಹೋಗುತ್ತವೆ. ಹಾಗಾಗಿ ಕಹಿಗೆ ಬೇಕಾದ ಹಾಪನ್ನು ಮೊದಲೇ ಹಾಕಿ ಒಂದು ಗಂಟೆ ಕುದಿಸುತ್ತಾರೆ, ಪರಿಮಳಕ್ಕೆ ಬೇಕಾದದ್ದನ್ನು ಒಲೆ ಆರಿಸುವ ಹೊತ್ತಿಗೆ ಅಥವಾ ಹುದುಗಿದ ಮೇಲೆ ತಣ್ಣಗೆ ನೆನೆಹಾಕುತ್ತಾರೆ. ಒಗ್ಗರಣೆಯನ್ನು ಮೊದಲು ಹಾಕುವುದಕ್ಕೂ ಕಡೆಗೆ ಹಾಕುವುದಕ್ಕೂ ಇರುವ ವ್ಯತ್ಯಾಸ ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ.

ತಳಿಗಳ ನಡುವಿನ ಅಂತರ ಈ ಎರಡರ ಪ್ರಮಾಣದಲ್ಲಿದೆ. ಚೆಕ್ ದೇಶದ ಜಟೆಟ್ಸ್ ಪ್ರದೇಶದ ಸಾಜ್ ತಳಿಯಲ್ಲಿ ಆಲ್ಫಾ ಆಮ್ಲ ಶೇ. 3–4 ಮಾತ್ರ, ಕಹಿ ಮೃದು, ವಾಸನೆ ಒಣಗಿದ ಮೂಲಿಕೆಯದು, ಸಣ್ಣಗೆ ಮಸಾಲೆಯದು. ಇಂಗ್ಲೆಂಡಿನ ಫಗಲ್‌ನಲ್ಲಿ ಶೇ. 4–5, ಅದನ್ನು ಅಂಗೈಯಲ್ಲಿ ಉಜ್ಜಿ ಮೂಸಿದರೆ ಮೊದಲ ಮಳೆಗೆ ನೆನೆದ ತೋಟದ ಮಣ್ಣು, ಕೊಳೆಯುತ್ತಿರುವ ತರಗೆಲೆ. ಕ್ಯಾಸ್ಕೇಡ್‌ನಲ್ಲಿ ಶೇ. 5–7, ಅದರ ಘಮವನ್ನು ಇಲ್ಲಿನವರು ಗ್ರೇಪ್‌ಫ್ರೂಟ್ ಎನ್ನುತ್ತಾರೆ, ನನಗೆ ಅದು ದೇವನಹಳ್ಳಿಯ ಚಕ್ಕೋತದ ಸಿಪ್ಪೆ. ಸಿಟ್ರಾದಲ್ಲಿ ಶೇ. 11–14, ಮಾವು, ಲಿಚಿ, ನಿಂಬೆ, ಎಲ್ಲವೂ ಒಟ್ಟಿಗೆ, ಸ್ವಲ್ಪ ಜೋರಾಗಿಯೇ. ಸಿಮ್ಕೋದಲ್ಲಿ ಪೈನ್ ಮರದ ಅಂಟು ಮತ್ತು ಪ್ಯಾಶನ್ ಹಣ್ಣು. ಕೆಲವು ಮೂಗುಗಳಿಗೆ ಬೆಕ್ಕಿನ ಮೂತ್ರ. ಗಂಧಕವಿರುವ ಒಂದೇ ಬಗೆಯ ಅಣುಗಳು ಕಡಿಮೆ ಇದ್ದಾಗ ಹಣ್ಣೆನಿಸಿ ಹೆಚ್ಚಾದಾಗ ಬೆಕ್ಕೆನಿಸುತ್ತವೆ. ಮೊಸಾಯಿಕ್‌ನಲ್ಲಿ ಕಳಿತ ಸೀಬೆ. ಸಾಬ್ರೋದಲ್ಲಂತೂ ಕೊಬ್ಬರಿ. ಮೊದಲ ಸಲ ಕುಡಿದಾಗ ಯಾರೋ ತಮಾಷೆಗೆ ಕೊಬ್ಬರಿ ತುರಿ ಉದುರಿಸಿದ್ದಾರೆಂದೇ ಭಾವಿಸಿದ್ದೆ. ನ್ಯೂ ಮೆಕ್ಸಿಕೋದ ಬೆಟ್ಟಗಳಲ್ಲಿ ತಾನಾಗಿ ಬೆಳೆಯುತ್ತಿದ್ದ ಕಾಡು ಹಾಪ್ ಆ ತಳಿಯ ಪೂರ್ವಿಕ.

ಇಲ್ಲಿಯವರೆಗಿನದು ನಾಲಿಗೆಯ ಹೋಲಿಕೆ. ಬಿಯರ್ ಪ್ರಿಯರ ಹೋಲಿಕೆಗಳೆಲ್ಲ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ. ನನ್ನ ತಕರಾರು ಇಲ್ಲಿಂದ ಶುರುವಾಗುತ್ತದೆ.

ಕ್ಯಾಸ್ಕೇಡ್ ಸರ್ಕಾರದ ಕೂಸು. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಒರೆಗಾನಿನ ಕೊರ್ವಾಲಿಸ್‌ನಲ್ಲಿ 1956ರಲ್ಲಿ ಸಂಗ್ರಹಿಸಿದ ಬೀಜದಿಂದ ಬಂದದ್ದು; ತಾಯ ಕಡೆ ಇಂಗ್ಲೆಂಡಿನ ಫಗಲ್, ಅಜ್ಜಿಯರ ಸಾಲಿನಲ್ಲಿ ರಷ್ಯಾದ ಸೆರೆಬ್ರಿಯಾಂಕಾ. ಹದಿನಾರು ವರ್ಷ ಅದಕ್ಕೆ ಅಂಕಿಯ ಹೆಸರಷ್ಟೇ ಇತ್ತು. 1972ರಲ್ಲಿ ಇಲ್ಲಿನ ಪರ್ವತಶ್ರೇಣಿಯ ಹೆಸರಿಟ್ಟು ಬಿಡುಗಡೆ ಮಾಡಿದರು. ತೆರಿಗೆಯ ಹಣದಲ್ಲಿ ಹುಟ್ಟಿದ್ದರಿಂದ ಯಾರು ಬೇಕಾದರೂ ಅದರ ಬೇರನ್ನು ಅಗೆದು, ತುಂಡುಮಾಡಿ, ನೆಟ್ಟು, ಮಾರಿ, ನೆರೆಮನೆಗೆ ಹಂಚಬಹುದಿತ್ತು. 1980ರಲ್ಲಿ ಕ್ಯಾಲಿಫೋರ್ನಿಯಾದ ಚಿಕೋದಲ್ಲಿ ಸಿಯೆರಾ ನೆವಾಡಾ ಎಂಬ ಪುಟ್ಟ ಬ್ರೂವರಿ ತನ್ನ ಪೇಲ್ ಏಲ್‌ಗೆ ಆರಿಸಿಕೊಂಡದ್ದು ಈ ತಳಿಯನ್ನೇ. ಅಮೆರಿಕದ ಸಣ್ಣ ಬ್ರೂವರಿಗಳ ಇಡೀ ಆಂದೋಲನ ದೊಡ್ಡ ಕಂಪನಿಗಳ ಸಪ್ಪೆ ಲಾಗರಿನ ವಿರುದ್ಧ ಎತ್ತಿದ ಬಾವುಟ ಒಂದು ಸಾರ್ವಜನಿಕ ಸಂಶೋಧನಾಲಯದ ಬಳ್ಳಿಯಾಗಿತ್ತು. ಖಾಸಗಿ ಉದ್ಯಮಶೀಲತೆಯ ಕಥೆಯಾಗಿಯೇ ಇದನ್ನು ಹೇಳುವವರು ಈ ವಿವರವನ್ನು ಏಕೋ ಮರೆಯುತ್ತಾರೆ.

ಸಿಟ್ರಾದ ಜಾತಕ ಬೇರೆ. ಹಾಪ್ ವ್ಯಾಪಾರದ ಹಳೆಯ ಕಂಪನಿಯಾದ ಜಾನ್ ಐ. ಹಾಸ್ ಮತ್ತು ಯಾಕಿಮಾ ಕಣಿವೆಯ ಯಾಕಿಮಾ ಚೀಫ್ ರಾಂಚಸ್ ಸೇರಿ ಮಾಡಿಕೊಂಡ ಹಾಪ್ ಬ್ರೀಡಿಂಗ್ ಕಂಪನಿಯ ಸ್ವತ್ತು ಅದು. ಪೇಟೆಂಟಿನಲ್ಲಿ ಅದರ ಹೆಸರು ಎಚ್‌ಬಿಸಿ 394. ಅಮೆರಿಕದಲ್ಲಿ 1930ರ ಸಸ್ಯ ಪೇಟೆಂಟ್ ಕಾಯ್ದೆ ಬೀಜದಿಂದಲ್ಲದೆ ಕಡ್ಡಿ-ಬೇರುಗಳಿಂದ ವೃದ್ಧಿಯಾಗುವ ಗಿಡಗಳಿಗೆ ಪೇಟೆಂಟ್ ಕೊಡುತ್ತದೆ. ಹಾಪ್ ಬೆಳೆಯುವುದೇ ಬೇರಿನ ತುಂಡಿನಿಂದ. ಹಾಗಾಗಿ ಪರವಾನಗಿ ಇಲ್ಲದ ರೈತ ಸಿಟ್ರಾ ನೆಡುವಂತಿಲ್ಲ, ಪರವಾನಗಿ ಇರುವವನು ಪಕ್ಕದ ಹೊಲಕ್ಕೆ ಒಂದು ತುಂಡು ಬೇರು ದಾನ ಕೊಡುವಂತಿಲ್ಲ. ಹಿತ್ತಿಲಲ್ಲಿ ಬೆಳೆಯುವ ನನ್ನಂಥವರಿಗೆ ಅದು ಸಿಗುವುದೂ ಇಲ್ಲ.

ಪೇಟೆಂಟಿಗೆ ಇಪ್ಪತ್ತು ವರ್ಷಗಳ ಆಯುಸ್ಸು, ಅಷ್ಟಾದ ಮೇಲೆ ಎಲ್ಲರದಾಗುತ್ತದಲ್ಲ ಎಂದು ಕೇಳಬಹುದು. ಇಲ್ಲಿರುವ ಜಾಣ್ಮೆಯನ್ನು ನೋಡಿ. ಪೇಟೆಂಟ್ ಇರುವುದು ಎಚ್‌ಬಿಸಿ 394 ಎಂಬ ಗಿಡಕ್ಕೆ. ಸಿಟ್ರಾ ಎಂಬುದು ಟ್ರೇಡ್‌ಮಾರ್ಕ್. ಬಳಸುತ್ತಿರುವವರೆಗೂ ಟ್ರೇಡ್‌ಮಾರ್ಕಿಗೆ ಸಾವಿಲ್ಲ. ಸಿಮ್ಕೋದ ವಿಷಯದಲ್ಲೂ ಇದೇ: ಗಿಡದ ಹೆಸರು ವೈಸಿಆರ್ 14, 'ಸಿಮ್ಕೋ' ಎಂಬುದು ಅಂಗಡಿಯ ಹೆಸರು. ಪೇಟೆಂಟ್ ಮುಗಿದ ತಳಿಯನ್ನು ಬೆಳೆದ ರೈತ ಅದನ್ನು ಜನ ಗುರುತಿಸುವ ಹೆಸರಿನಲ್ಲಿ ಮಾರಲಾರ. ವೈಸಿಆರ್ 14 ಎಂಬ ಬಿಯರನ್ನು ಯಾರು ಕೊಳ್ಳುತ್ತಾರೆ? ಬಳ್ಳಿಗೆ ಬಿಡುಗಡೆಯಾಗುತ್ತದೆ, ಹೆಸರು ಜೀತದಲ್ಲೇ ಉಳಿಯುತ್ತದೆ.

ಇನ್ನು ಸಿಟ್ರಾದ ವಂಶಾವಳಿ. ಅದರಲ್ಲಿ ಬವೇರಿಯಾದ ಹಾಲೆರ್‌ಟಾವ್ ರೈತರು ತಲೆಮಾರುಗಳಿಂದ ಆರಿಸಿ ಉಳಿಸಿಕೊಂಡ ಮಿಟ್ಟಲ್‌ಫ್ರೂ ಇದೆ. ಕೆಂಟ್ ಪ್ರಾಂತ್ಯದ ಗೋಲ್ಡಿಂಗ್ ಇದೆ. ಬ್ರೂವರ್ಸ್ ಗೋಲ್ಡ್ ಇದೆ. ಇದನ್ನು ಇಂಗ್ಲೆಂಡಿನ ವೈ ಕಾಲೇಜಿನಲ್ಲಿ ಪ್ರೊಫೆಸರ್ ಅರ್ನೆಸ್ಟ್ ಸ್ಯಾಮನ್ ಬೆಳೆಸಿ 1934ರಲ್ಲಿ ಬಿಡುಗಡೆ ಮಾಡಿದರು, ಅದರ ತಾಯಿ ಕೆನಡಾದ ಮಾನಿಟೋಬಾದಿಂದ ತರಿಸಿಕೊಂಡ ಕಾಡು ಬಳ್ಳಿ. ಬವೇರಿಯಾದ ರೈತ, ಇಂಗ್ಲೆಂಡಿನ ಸಾರ್ವಜನಿಕ ಕಾಲೇಜು, ಮಾನಿಟೋಬಾದ ಮೂಲನಿವಾಸಿಗಳ ನೆಲ: ಇವರಾರೂ ಪರವಾನಗಿ ಶುಲ್ಕ ಕೇಳಲಿಲ್ಲ. ಕಟ್ಟಕಡೆಯ ಸಂಕರ ಮಾಡಿದವರು ಬೇಲಿ ಹಾಕಿದರು.

ಈ ಮಾತು ಕನ್ನಡದ ಕಿವಿಗೆ ಹೊಸದಲ್ಲ. 1992ರ ಡಿಸೆಂಬರಿನಲ್ಲಿ ರೈತ ಸಂಘದ ಕಾರ್ಯಕರ್ತರು ಬೆಂಗಳೂರಿನ ಕಾರ್ಗಿಲ್ ಕಚೇರಿಗೆ ನುಗ್ಗಿ ಕಡತಗಳನ್ನು ಬೀದಿಗೆ ಹಾಕಿ ಸುಟ್ಟಾಗ, ಮುಂದಿನ ವರ್ಷ ಬಳ್ಳಾರಿಯ ಬೀಜ ಘಟಕವನ್ನು ಕೆಡವಿದಾಗ, ಪ್ರೊಫೆಸರ್ ನಂಜುಂಡಸ್ವಾಮಿಯವರು ಕೇಳುತ್ತಿದ್ದುದು ಇದೇ ಪ್ರಶ್ನೆಯನ್ನು. ಆ ದಿನಗಳಲ್ಲಿ ನಾನು ಎಂಜಿನಿಯರಿಂಗ್ ಪ್ರವೇಶದ ಚಿಂತೆಯಲ್ಲಿದ್ದ ಹುಡುಗ. ಹಸಿರು ಶಾಲಿನವರನ್ನು ಕಂಡರೆ ಅಭಿವೃದ್ಧಿಗೆ ಅಡ್ಡಿ ಎಂದು ಮೂಗು ಮುರಿಯುವ ಮನೆಯವನು. ಅವರ ವಾದದ ಅರ್ಧವಾದರೂ ತಲೆಗೆ ಹತ್ತಲು ನನಗೆ ಅಮೆರಿಕದ ಬಿಯರು ಬೇಕಾಯಿತೆಂದರೆ ಅದು ನನ್ನ ಶಿಕ್ಷಣದ ವಿಷಯದಲ್ಲಿ ಒಳ್ಳೆಯ ಮಾತಲ್ಲ. ಆ ಹೋರಾಟಗಳ ಒತ್ತಡವೂ ಸೇರಿ ಭಾರತದಲ್ಲಿ 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ರಕ್ಷಣಾ ಕಾಯ್ದೆ ಬಂತು. ಅದರ ಪ್ರಕಾರ ನೋಂದಾಯಿತ ತಳಿಯ ಬೀಜವನ್ನೂ ರೈತ ಉಳಿಸಿಕೊಳ್ಳಬಹುದು, ಮತ್ತೆ ಬಿತ್ತಬಹುದು, ವಿನಿಮಯ ಮಾಡಬಹುದು, ಬ್ರಾಂಡ್ ಹೆಸರಿಲ್ಲದೆ ಮಾರಲೂಬಹುದು. 2019ರಲ್ಲಿ ಪೆಪ್ಸಿಕೋ ತನ್ನ ಚಿಪ್ಸ್ ಆಲೂಗಡ್ಡೆ ಬೆಳೆದರೆಂದು ಗುಜರಾತಿನ ರೈತರ ಮೇಲೆ ಹೂಡಿದ ದಾವೆಗಳನ್ನು ಜನರ ಆಕ್ರೋಶದ ಮುಂದೆ ಹಿಂತೆಗೆದುಕೊಂಡದ್ದು ನಿಮಗೆ ನೆನಪಿರಬಹುದು. ಆ ತಳಿಯ ನೋಂದಣಿ 2021ರಲ್ಲಿ ರದ್ದಾಯಿತು. 2024ರಲ್ಲಿ ದೆಹಲಿ ಹೈಕೋರ್ಟ್ ರದ್ದತಿಯನ್ನೇ ತಳ್ಳಿಹಾಕಿತು. ಜಗಳ ಮುಗಿದಿಲ್ಲ. ಆದರೂ ರೈತನಿಗೆ ಹೇಳಿಕೊಳ್ಳಲು ಅಲ್ಲೊಂದು ಕಾಯ್ದೆಯಿದೆ. ಯಾಕಿಮಾದ ಹಾಪ್ ರೈತನಿಗೆ ಇರುವುದು ಒಪ್ಪಂದ ಮಾತ್ರ.

ನನ್ನ ವಾದದ ದುರ್ಬಲ ಜಾಗಗಳನ್ನೂ ಹೇಳಿಬಿಡುತ್ತೇನೆ, ಗೆಳೆಯರು ಹೇಳುವ ಮುನ್ನ. ಸಾರ್ವಜನಿಕ ತಳಿ ಎಂಬ ಮಾತ್ರಕ್ಕೆ ರೈತ ಸುರಕ್ಷಿತನಲ್ಲ. 1976ರಲ್ಲಿ ಬಂದ ವಿಲ್ಲಾಮೆಟ್ ಸಹ ಸರ್ಕಾರಿ ತಳಿಯೇ. ಅದರ ದೊಡ್ಡ ಗಿರಾಕಿ ಆನ್‌ಹೈಸರ್-ಬುಶ್. 2008ರಲ್ಲಿ ಆ ಕಂಪನಿ ಇನ್‌ಬೆವ್ ಕೈಸೇರಿದ ಮೇಲೆ ಕೊಳ್ಳುವುದನ್ನು ಕಡಿತಗೊಳಿಸಿತು, ಒರೆಗಾನಿನ ರೈತರು ಬಳ್ಳಿಗಳನ್ನು ಬೇರುಸಹಿತ ಕಿತ್ತರು. ಒಡೆತನ ಎಲ್ಲರದಾದರೂ ಕೊಳ್ಳುವವನು ಒಬ್ಬನೇ ಆದರೆ ಏನಾಗುತ್ತದೆಂಬುದಕ್ಕೆ ಅದು ಪಾಠ. ಇನ್ನೊಂದು: ಸರ್ಕಾರಿ ಸಂಶೋಧನೆ ಬಹುಕಾಲ ದೊಡ್ಡ ಬ್ರೂವರಿಗಳ ಅಗತ್ಯಗಳನ್ನೇ ನೋಡುತ್ತಿತ್ತು. ಮಾವು-ಲಿಚಿಯ ಘಮಕ್ಕೆ ಹಣ ಮತ್ತು ತಾಳ್ಮೆ ಹಾಕಿದವರು ಖಾಸಗಿಯವರು. ಒಂದು ತಳಿ ಹೊರಬರಲು ಹತ್ತು ವರ್ಷಕ್ಕೂ ಹೆಚ್ಚು ಬೇಕು. ಸಾವಿರಾರು ಸಸಿಗಳಲ್ಲಿ ಒಂದು ಉಳಿಯುತ್ತದೆ. ಆ ಶ್ರಮಕ್ಕೆ ಬೆಲೆ ಇಲ್ಲವೆಂದು ನಾನು ಹೇಳುತ್ತಿಲ್ಲ. ಬೆಲೆ ಕೊಡಲು ಬೇಲಿಯೊಂದೇ ದಾರಿಯೇ ಎಂಬುದಷ್ಟೇ ಪ್ರಶ್ನೆ. ಈಚೆಗೆ ಸಣ್ಣ ಬ್ರೂವರಿಗಳ ಸಂಘವೇ ಕೃಷಿ ಇಲಾಖೆಯ ತಳಿ ಅಭಿವೃದ್ಧಿಗೆ ಹಣ ಕೊಡತೊಡಗಿದೆ. 2019ರಲ್ಲಿ ಬಿಡುಗಡೆಯಾದ ಟ್ರಯಂಫ್‌ನಂಥ ಸಾರ್ವಜನಿಕ ತಳಿಗಳು ಬಂದಿವೆ. ಟ್ರಯಂಫ್ ಸಿಟ್ರಾದಷ್ಟು ಬೆರಗು ಹುಟ್ಟಿಸುವುದಿಲ್ಲ, ನಿಜ. ಕ್ಯಾಸ್ಕೇಡ್ ಕೂಡ ಮೊದಲಿಗೆ ಯಾರಿಗೂ ಬೇಕಾಗಿರಲಿಲ್ಲ.

ಬೇಲಿಯ ಪರಿಣಾಮ ಈಗ ಕಣಿವೆಯಲ್ಲಿ ಕಾಣುತ್ತಿದೆ. 2021ರಲ್ಲಿ ಅಮೆರಿಕದಲ್ಲಿ ಹಾಪ್ ಬೆಳೆಯುವ ಜಮೀನು 60 ಸಾವಿರ ಎಕರೆ ದಾಟಿತ್ತು; 2024ರ ಹೊತ್ತಿಗೆ 45 ಸಾವಿರದ ಆಸುಪಾಸಿಗೆ ಇಳಿಯಿತು. ಕ್ರಾಫ್ಟ್ ಬಿಯರಿನ ಬೇಡಿಕೆ ತಗ್ಗಿತು, ಗೋದಾಮುಗಳಲ್ಲಿ ದಾಸ್ತಾನು ಬಿತ್ತು. ಇಂಥ ಹೊತ್ತಿನಲ್ಲಿ ಯಾರ ಹೊಲದಲ್ಲಿ ಎಷ್ಟು ಬಳ್ಳಿ ಉಳಿಯಬೇಕೆಂಬುದನ್ನು ಪೇಟೆಂಟ್ ಇರುವ ತಳಿಗಳ ಮಟ್ಟಿಗೆ ತಳಿಯ ಒಡೆಯನೇ ನಿರ್ಧರಿಸಬಲ್ಲ. ಬೆಲೆ ಕುಸಿಯದಂತೆ ಅದು ಕಾಯುತ್ತದೆ ಎಂದು ಒಪ್ಪುವ ರೈತರೂ ಇದ್ದಾರೆ. ಆದರೆ ಕಾಯುವವನಿಗೆ ಕಿತ್ತುಹಾಕಿಸುವ ಅಧಿಕಾರವೂ ಇರುತ್ತದೆ.

ಮೂರನೆಯ ದಾರಿಯೊಂದಿದೆ. ಸಾಜ್‌ಗೆ ಕಂಪನಿ ಒಡೆಯನಿಲ್ಲ, ಊರು ಒಡೆಯ. ಜಟೆಟ್ಸ್‌ನ ಹಾಪ್‌ಗೆ ಐರೋಪ್ಯ ಒಕ್ಕೂಟದಲ್ಲಿ ಭೌಗೋಳಿಕ ಹೆಸರಿನ ರಕ್ಷಣೆಯಿದೆ. 2023ರಲ್ಲಿ ಆ ಊರು ಮತ್ತು ಅದರ ಹಾಪ್ ಹೊಲಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ನಮ್ಮ ಮೈಸೂರು ಮಲ್ಲಿಗೆ, ನಂಜನಗೂಡು ರಸಬಾಳೆ, ದೇವನಹಳ್ಳಿ ಚಕ್ಕೋತಗಳಿಗೆ ಇರುವುದೂ ಇದೇ ಬಗೆಯ ರಕ್ಷಣೆ. ಆದರೆ ವಿಮಾನ ನಿಲ್ದಾಣ ಬಂದ ಮೇಲೆ ದೇವನಹಳ್ಳಿಯಲ್ಲಿ ಚಕ್ಕೋತದ ತೋಪುಗಳ ಗತಿ ಏನಾಯಿತೆಂದು ನೋಡಿದವರಿಗೆ ಗೊತ್ತು, ಹೆಸರನ್ನು ಕಾಯ್ದಿಟ್ಟ ಮಾತ್ರಕ್ಕೆ ನೆಲ ಉಳಿಯುವುದಿಲ್ಲ. ಆ ವಿಮಾನ ಹತ್ತಿ ಬಂದವರೇ ನಾವು, ಅದು ಬೇರೆ ಮಾತು.

ಮತ್ತೆ ಇಸಾಕ್ವಾದ ಹಿತ್ತಿಲಿಗೆ ಬರುತ್ತೇನೆ. ಅಂದು ಚುನಾವಣೆ ಮುಗಿದು ತಟ್ಟೆಗೆ ಚಿತ್ರಾನ್ನ ಬೀಳುತ್ತಿದ್ದಾಗ ಯಾರೋ, ಹಾಪ್ ಎಲ್ಲ ಪರ್ವತದಾಚೆಯ ಯಾಕಿಮಾದ್ದಲ್ಲವೇ ಎಂದರು. ಈಗ ಹೌದು, ಅಮೆರಿಕದ ಹಾಪ್‌ನಲ್ಲಿ ಮುಕ್ಕಾಲು ಪಾಲು ವಾಷಿಂಗ್ಟನ್ ರಾಜ್ಯದ್ದು, ಅದರಲ್ಲಿ ಬಹಳಷ್ಟನ್ನು ಯಾಕಮಾ ಮೂಲನಿವಾಸಿಗಳ ಮೀಸಲು ನೆಲದಲ್ಲಿ ಬೆಳೆಯುತ್ತಾರೆ. ಆದರೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಹೇನು ಬಿದ್ದು ಬೆಳೆ ನಾಶವಾಗುವ ಮುನ್ನ, ಹಾಪ್ ಹೊಲಗಳು ಪರ್ವತದ ಈಚೆಗೇ ಇದ್ದವು. ನಾವು ಕೂತಿದ್ದ ಈ ಕಣಿವೆಯಲ್ಲೂ ಇದ್ದವು. ಆಗ ಇದರ ಹೆಸರು ಸ್ಕ್ವಾಕ್. 1885ರ ಸೆಪ್ಟೆಂಬರಿನಲ್ಲಿ ವೋಲ್ಡ್ ಸಹೋದರರು ತಮ್ಮ ಹೊಲದ ಕೊಯ್ಲಿಗೆ ಸಿಯಾಟಲಿನಿಂದ 37 ಮಂದಿ ಚೀನೀ ಕೂಲಿಗಳನ್ನು ಕರೆಸಿಕೊಂಡರು, ಅವರು ಕಡಿಮೆ ಕೂಲಿಗೆ ಬರುತ್ತಿದ್ದರು. ಏಳನೆಯ ತಾರೀಖಿನ ರಾತ್ರಿ ಬಿಳಿಯರೂ ಕೆಲವು ಮೂಲನಿವಾಸಿಗಳೂ ಇದ್ದ ಗುಂಪೊಂದು ಅವರು ಮಲಗಿದ್ದ ಡೇರೆಗಳ ಮೇಲೆ ಗುಂಡು ಹಾರಿಸಿತು. ಮೂವರು ಸತ್ತರು. ವಿಚಾರಣೆಯಲ್ಲಿ ಎಲ್ಲರೂ ಖುಲಾಸೆಯಾದರು. ಎರಡೇ ತಿಂಗಳಲ್ಲಿ ಟಕೋಮಾ ನಗರ ತನ್ನ ಚೀನೀಯರನ್ನೆಲ್ಲ ಮಳೆಯಲ್ಲಿ ಹೊರಗಟ್ಟಿತು.

ಅಗ್ಗದ ಕೂಲಿಗೆ ಬಂದು ನಮ್ಮ ಕೆಲಸ ಕಿತ್ತುಕೊಳ್ಳುತ್ತಾರೆ ಎಂಬ ವಾಕ್ಯವನ್ನು ಎಚ್-1ಬಿ ವೀಸಾದ ಸುದ್ದಿಯ ಕೆಳಗೆ ಓದುವ ನಮಗೆ ಇದು ಹಳೆಯ ಕಥೆಯೆನಿಸಬಾರದು. 1907ರಲ್ಲಿ ಇದೇ ರಾಜ್ಯದ ಬೆಲ್ಲಿಂಗ್‌ಹ್ಯಾಮಿನಲ್ಲಿ ಮರದ ಮಿಲ್ಲುಗಳಲ್ಲಿ ದುಡಿಯುತ್ತಿದ್ದ ಭಾರತೀಯರನ್ನು, ಹೆಚ್ಚಿನವರು ಪಂಜಾಬಿಗಳು, ಹೊಡೆದೋಡಿಸಿದರು. 1913ರಲ್ಲಿ ಕ್ಯಾಲಿಫೋರ್ನಿಯಾದ ವೀಟ್‌ಲ್ಯಾಂಡಿನ ಹಾಪ್ ಹೊಲದಲ್ಲಿ ಸುಮಾರು 2,800 ಕೂಲಿಗಳು ಒಂಬತ್ತು ಕಕ್ಕಸುಗಳನ್ನು ಹಂಚಿಕೊಂಡು, ಹೊಲದಲ್ಲಿ ಕುಡಿಯುವ ನೀರಿಲ್ಲದೆ, ಮಾಲೀಕನ ಬಂಧು ಐದು ಸೆಂಟಿಗೆ ಮಾರುತ್ತಿದ್ದ ನಿಂಬೆ ಪಾನಕ ಕುಡಿದು ಕೊಯ್ಯುತ್ತಿದ್ದರು. ಅವರಲ್ಲಿ ಭಾರತೀಯರೂ ಇದ್ದರು. ಆಗಿನ ವರದಿಗಳಲ್ಲಿ ಅವರೆಲ್ಲ 'ಹಿಂದೂ'ಗಳು, ಸಿಖ್ಖರನ್ನೂ ಸೇರಿಸಿ. ಪೊಲೀಸರು ಸಭೆ ಚದುರಿಸಲು ಬಂದಾಗ ಗುಂಡು ಹಾರಿ ನಾಲ್ವರು ಸತ್ತರು, ಜೈಲಿಗೆ ಹೋದವರು ಕಾರ್ಮಿಕ ಸಂಘಟಕರಾದ ಫೋರ್ಡ್ ಮತ್ತು ಸೂರ್. ಈಗ ಕೊಯ್ಲು ಯಂತ್ರದ್ದು. ಆದರೂ ಹದಿನೆಂಟು ಅಡಿ ಎತ್ತರದ ತಂತಿಗೆ ದಾರ ಕಟ್ಟುವುದು, ಮೇ ತಿಂಗಳಲ್ಲಿ ಒಂದೊಂದು ಕುಡಿಯನ್ನೂ ಬಗ್ಗಿ ದಾರಕ್ಕೆ ಸುತ್ತುವುದು ಇಂದಿಗೂ ಕೈಯ ಕೆಲಸ. ಆ ಕೈಗಳು ಹೆಚ್ಚಾಗಿ ಮೆಕ್ಸಿಕನ್ನರವು. ಸಿಟ್ರಾಕ್ಕಾಗಲಿ ಕ್ಯಾಸ್ಕೇಡ್‌ಗಾಗಲಿ ಬಗ್ಗುವ ಬೆನ್ನು ಒಂದೇ. ಈ ವಿಷಯದಲ್ಲಿ ನನ್ನ ಪ್ರೀತಿಯ ತಳಿಗೆ ಯಾವ ಮೇಲ್ಮೆಯೂ ಇಲ್ಲವೆಂದು ಒಪ್ಪಿಕೊಳ್ಳಬೇಕು.

ಈ ಇತಿಹಾಸವನ್ನೆಲ್ಲ ಅಂದು ಚಿತ್ರಾನ್ನದ ತಟ್ಟೆ ಹಿಡಿದು ಹೇಳಲಾಗಲಿಲ್ಲ. ಪಕ್ಕದಲ್ಲಿದ್ದವರಿಗೆ ಅರ್ಧ ಹೇಳಿದೆ, ಅವರು ಲೋಟ ಕೆಳಗಿಟ್ಟರು, ಮಾತು ಮಕ್ಕಳ ಈಜು ತರಗತಿಯ ಕಡೆ ತಿರುಗಿತು. ಹೊರಡುವಾಗ ಮನೆಯೊಡೆಯರು ಮಾತ್ರ ಗೇಟಿನ ತನಕ ಬಂದು, ತಮ್ಮ ಹಿತ್ತಿಲ ಬೇಲಿಗೆ ಹಬ್ಬಿಸಲು ಒಂದು ಹಾಪ್ ಬಳ್ಳಿ ಬೇಕೆಂದರು. ಸಿಟ್ರಾ ಸಿಗುತ್ತದೆಯೇ ಎಂದು ಕೇಳಿದರು. ಅದು ಸಿಗುವುದಿಲ್ಲ, ನನ್ನಲ್ಲಿರುವುದು ಕ್ಯಾಸ್ಕೇಡ್ ಎಂದೆ. ಎಂಟು ವರ್ಷದ ಹಿಂದೆ ಯಾರೋ ಅಗೆದು ಕೊಟ್ಟ ಗೇಣುದ್ದದ ಬೇರು ಅದು, ಈಗ ಗ್ಯಾರೇಜಿನ ಮಾಡಿನ ತನಕ ಏರಿದೆ, ವರ್ಷವೂ ಅಗೆದು ಮಿತಿಯಲ್ಲಿಡಬೇಕಾಗುತ್ತದೆ. ಮಾರ್ಚಿನಲ್ಲಿ, ಕುಡಿ ಒಡೆಯುವ ಮುನ್ನ, ಮತ್ತೆ ಅಗೆಯುತ್ತೇನೆ. ಅವರಿಗೊಂದು ತುಂಡು ತೆಗೆದಿಟ್ಟಿದ್ದೇನೆ. ಇನ್ನೂ ಏಳೆಂಟು ತುಂಡುಗಳಿಗೆ ಜಾಗ ಹುಡುಕುತ್ತಿದ್ದೇನೆ.